ಟೋಪಿ ಕೆಟ್ಟ ಮರಿಗಳು

ನವೆಂಬರ್ ತಿಂಗಳ ಎರಡನೇ ಬುಧವಾರ, ಬೆಳಗ್ಗೆ ಎಂಟೂ ನಲವತ್ತು. ಕಾರ್ಖಾನೆಗಳ ಮೊದಲ ಪಾಳಿಯ ಬಸ್ಸುಗಳೆಲ್ಲ ಹೋಗಿ ಹೊಸೂರಿನ ರಸ್ತೆ ಕೊಂಚ ಬಿಡುವು ಕಂಡಿತ್ತು. ಇನ್‌ಸ್ಪೆಕ್ಟರ್ ಶಶಿರೇಖಾ ಠಾಣೆಯ ಮೆಟ್ಟಿಲು ಹತ್ತುವಾಗಲೇ ಒಳಗೆ ಯಾರೋ ಮೇಜು ಕುಟ್ಟುತ್ತಿರುವ ಸದ್ದು ಕೇಳಿಸಿತು. ಸಾನಮಾವಿನ ವೆಂಕಟರಾಮಪ್ಪ. ಅರವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖ ಮಾತ್ರ ಕೆಂಡ.

"ಬಾತುಮರಿ ಕಳವಾಗವಂತೆ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ತಿಮ್ಮರಾಜು. ನಗು ತಡೆದುಕೊಳ್ಳಲು ಅವನು ಪಡುತ್ತಿದ್ದ ಪಾಡು ದೇವರಿಗೇ ಪ್ರೀತಿ.

ನಗುವಂಥದ್ದೇನೂ ಇರಲಿಲ್ಲ. ವೆಂಕಟರಾಮಪ್ಪನವರ ಬಾತು ಅಂದರೆ ಕೆರೆಯಲ್ಲಿ ಕೆಸರು ಕೆದಕುವ ಬಾತಲ್ಲ. ಹೊರದೇಶದ ತಳಿ. ಮೈಯೆಲ್ಲ ಹಾಲುಬಿಳುಪು, ನೆತ್ತಿಯ ಮೇಲೊಂದು ಕಪ್ಪು ಟೋಪಿ, ಬೆನ್ನ ಮೇಲೊಂದು ಕಪ್ಪು ಹೊದಿಕೆ. ಟೋಪಿಯ ಅಂಚು ಕಣ್ಣಿಗೆ ತಾಗಕೂಡದು, ಹೊದಿಕೆಯಲ್ಲಿ ಒಂದು ಬಿಳಿ ಗರಿ ಇಣುಕಕೂಡದು. ಹಾಗಿದ್ದರೆ ಪ್ರದರ್ಶನದಲ್ಲಿ ಬಹುಮಾನ, ಇಲ್ಲದಿದ್ದರೆ ಏನೂ ಇಲ್ಲ. ಹನ್ನೆರಡು ವರ್ಷ ಜೋಡಿ ಕೂಡಿಸಿ ಕೂಡಿಸಿ ಅವರು ಆ ಟೋಪಿಯನ್ನು ತಿದ್ದಿದ್ದರು. ಕೃಷ್ಣಗಿರಿಯಿಂದ ಸೇಲಂವರೆಗೆ ಸಾಕುವವರೆಲ್ಲ ಅವರ ಗೇಟಿನ ಮುಂದೆ ಬಂದು ನಿಂತು ಹೋಗಿದ್ದರು. ಯಾರಿಗೂ ಒಂದು ಮರಿ ಸಿಕ್ಕಿರಲಿಲ್ಲ.

"ಎಷ್ಟು ಮರಿ?" ಶಶಿರೇಖಾ ಕೂತು ಕೇಳಿದಳು.

"ಮೂವತ್ತೊಂದು."

"ವಯಸ್ಸು?"

"ನೆನ್ನೆ ಮಧ್ಯಾಹ್ನ ಮೊಟ್ಟೆ ಒಡೆದವು. ನಾನು ಕೃಷ್ಣಗಿರೀಲಿದ್ದೆ, ಶೋ ಕಮಿಟಿ ಮೀಟಿಂಗು. ನಮ್ ಹೆಂಡ್ತಿ ಫೋನ್ ಮಾಡಿ ಮೂವತ್ತೆಂಟು ಒಡೆದವೆ ಅಂದ್ಲು. ಬೆಳಗ್ಗೆ ಮೊದಲ ಬಸ್ಸಿಗೆ ಬಂದು ನೋಡಿದ್ರೆ ಏಳೇ ಅವೆ."

"ದೂರು ಬಂತು ಅಂತ ಸಿ.ಎಸ್.ಆರ್. ರಸೀದಿ ಕೊಡ್ತೀವಿ. ಮೊದಲು ವಿಚಾರಿಸೋಣ. ಮರಿ ಸಿಕ್ಕಿದ್ರೆ ಠಾಣೇಲೇ ಮುಗಿದುಹೋಗುತ್ತೆ."

"ರಸೀದಿ ಬ್ಯಾಡ. ಎಫ್‌ಐಆರ್ ಹಾಕಿ."

"ಯೋಚನೆ ಮಾಡಿ ಹೇಳಿ. ಎಫ್‌ಐಆರ್ ಅಂದ್ರೆ ಕೋರ್ಟಿಗೆ ಹೋಗುತ್ತೆ. ಆಮೇಲೆ ನೀವು ಬೇಡ ಅಂದ್ರೂ ಅದು ನಿಲ್ಲಲ್ಲ."

"ನಿಲ್ಲೋದೇ ಬ್ಯಾಡ. ಕದ್ದೋನು ಒಳಗೆ ಹೋಗ್ಬೇಕು."

ತಿಮ್ಮರಾಜು ಬರೆದುಕೊಳ್ಳುತ್ತ ಮರಿಗಳ ಬೆಲೆ ಎಷ್ಟೆಂದು ಹಾಕಲಿ ಎಂದು ಕೇಳಿದ. "ಬೆಲೆ ಕಟ್ಟಕ್ಕಾಗಲ್ಲ ಅಂತ ಬರಿ," ಎಂದರು ವೆಂಕಟರಾಮಪ್ಪ. "ಒಂದೊಂದೂ ನನ್ನ ಪ್ರಾಣ ಅಂತ ಬರಿ." ಅವನು ಹಾಗೆಯೇ ಬರೆದ. ಅವರು ಓದಿಸಿ ಕೇಳಿ, ರುಜು ಹಾಕಿದರು. ಈ ರುಜುವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತು ಗಂಟೆಗೆ ಜೀಪು ಸಾನಮಾವಿನಲ್ಲಿತ್ತು. ಊರಂಚಿನ ತೋಟ, ಅದರಾಚೆ ಕಾಡು. ನಾಲ್ಕು ದಿನದ ಕೆಳಗೆ ಆನೆ ಉರುಳಿಸಿದ ಕರೆಂಟು ಕಂಬ ರಸ್ತೆಬದಿಯಲ್ಲಿ ಇನ್ನೂ ಬಿದ್ದಿತ್ತು, ಪಕ್ಕದಲ್ಲೇ ಹೊಸದು ನಿಂತಿತ್ತು. ಮರಿ ಸಾಕುವ ಕೋಣೆಯ ಬೀಗ ಒಡೆದಿರಲಿಲ್ಲ. ಬೀಗದ ಕೈ ಬಾಗಿಲ ಮೇಲಿನ ಹಂಚಿನಡಿ ಇರುವುದು ಊರಿಗೆಲ್ಲ ಗೊತ್ತಿತ್ತಂತೆ. ಇಬ್ಬರು ಪಂಚರನ್ನು ಕೂರಿಸಿಕೊಂಡು ತಿಮ್ಮರಾಜು ಪಂಚನಾಮೆ ಶುರುಮಾಡಿದ. ಬಲ್ಬಿನ ಕೆಳಗೆ ಹೊಟ್ಟಿನ ಮೇಲೆ ಏಳು ಮರಿ ಒತ್ತಾಗಿ ಕೂತಿದ್ದವು. ಹಳದಿ ತುಪ್ಪುಳ, ತಲೆ ಮೇಲೆ ಪುಟ್ಟ ಕಪ್ಪು ಟೋಪಿ.

"ಈ ಟೋಪಿ ದೊಡ್ಡದಾದ ಮೇಲೆ ಬದಲಾಗುತ್ತಾ?" ಶಶಿರೇಖಾ ಕೇಳಿದಳು.

"ಇಲ್ಲ. ಹುಟ್ಟುವಾಗ ಏನೈತೋ ಅದೇ ಕೊನೆಗಂಟ. ಅದಕ್ಕೇ ಮಾರನೇ ದಿನಾನೇ ಆರಿಸಿಬಿಡ್ತೀನಿ. ಇವತ್ತು ಆರಿಸ್ಬೇಕಿತ್ತು."

"ಹಂಗಾದ್ರೆ ಇವನ್ನ ಆರಿಸಿ. ನನ್ನ ಮುಂದೆ."

ಅವರು ಒಂದೊಂದನ್ನೇ ಅಂಗೈ ಮೇಲೆತ್ತಿ ಬಲ್ಬಿಗೆ ಹಿಡಿದು ನೋಡಿದರು. ಸಿಟ್ಟಿನ ಮನುಷ್ಯನ ಕೈ ಅಷ್ಟು ಹಗುರವಾಗಿದ್ದುದನ್ನು ಕಂಡು ಶಶಿರೇಖಾಗೆ ಆಶ್ಚರ್ಯವಾಯಿತು. ಏಳನೆಯದನ್ನು ಇಳಿಸುವಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಏಳೂ ಚೆನ್ನಾಗವೆ."

"ಒಂದು ಸಲ ಒಡೆದದ್ದರಲ್ಲಿ ಎಷ್ಟು ಚೆನ್ನಾಗಿರ್ತವೆ?"

"ಆರು, ಏಳು. ಅದೇ ಹೆಚ್ಚು."

ಕಳ್ಳ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಹೋದವನಲ್ಲ. ಕೂತು, ಬೆಳಕಿಗೆ ಹಿಡಿದು ಆರಿಸಿ, ಒಳ್ಳೆಯದನ್ನೆಲ್ಲ ಬಿಟ್ಟು ಕೆಟ್ಟದ್ದನ್ನು ಒಯ್ದಿದ್ದಾನೆ. ಹದಿನೆಂಟು ವರ್ಷದ ನೌಕರಿಯಲ್ಲಿ ಶಶಿರೇಖಾ ಇಂಥ ಕಳ್ಳನನ್ನು ಕಂಡಿರಲಿಲ್ಲ.

"ಟೋಪಿ ಕೆಟ್ಟ ಮರೀನ ನೀವೇನು ಮಾಡ್ತೀರಿ?"

ವೆಂಕಟರಾಮಪ್ಪ ಗೋಡೆ ಕಡೆ ನೋಡಿದರು. ಅಲ್ಲೊಂದು ನೀಲಿ ಬಕೆಟ್ಟು ಬೋರಲಾಗಿತ್ತು. "ಬಕೆಟ್ಟಿಗೆ," ಎಂದರು. ಆಮೇಲೆ ತಾವೇ ಬಿಡಿಸಿ ಹೇಳಿದರು, "ಟೋಪಿ ಕೆಟ್ಟಿದ್ರೂ ರಕ್ತ ನಂದೇ ಮೇಡಂ. ಅಂಥವೆರಡು ಕೂಡಿಸಿದ್ರೆ ಮುಂದಿನ ತಲೆಮಾರಿಗೆ ನನ್ನ ಬಾತೇ ಬತ್ತದೆ. ಅದಕ್ಕೇ ಒಂದೂ ಜೀವಂತ ಗೇಟು ದಾಟಿಲ್ಲ, ಈವತ್ತಿನ ಗಂಟ. ಕದ್ದೋನಿಗೆ ಅದು ಗೊತ್ತೈತೆ. ಇದು ಮುನಿಯಲ್ಲಪ್ಪನ ಕೆಲಸ."

ಮುನಿಯಲ್ಲಪ್ಪ ನಾಲ್ಕು ವರ್ಷ ಅವರಲ್ಲೇ ದುಡಿದು, ಜಗಳವಾಡಿಕೊಂಡು ಹೋಗಿ, ಕೆರೆಯ ಕೆಳಗೆ ತನ್ನದೇ ಬಾತಿನ ಕೊಟ್ಟಿಗೆ ಮಾಡಿಕೊಂಡವನು.

ಅಷ್ಟರಲ್ಲಿ ವೆಂಕಟರಾಮಪ್ಪನವರ ಹೆಂಡತಿ ಪಾರ್ವತಮ್ಮ ಕಾಫಿ ತಂದರು. ಸಣ್ಣ ಆಳು, ಕಣ್ಣು ಕೆಂಪಗಿದ್ದವು, ನಿದ್ದೆಯಿಲ್ಲದ ಕೆಂಪು. ನಿನ್ನೆ ಸಂಜೆ ತೊರಪಲ್ಲಿ ಅಗ್ರಹಾರದ ಅಕ್ಕನ ಮನೆಗೆ ಹೋಗಿ ಹೊತ್ತು ಮುಳುಗುವ ಮುಂಚೆ ಬಂದೆ, ಆಮೇಲೆ ಕೋಣೆಯ ಕಡೆ ಹೋಗಲಿಲ್ಲ ಎಂದರು. ಕೇಳಿದ್ದಕ್ಕಷ್ಟೇ ಉತ್ತರ.

"ಈ ಚಳೀಲಿ ಬಲ್ಬಿಲ್ದೆ ಎಲ್ಲಿ ಬದುಕಿರ್ತವೆ," ಎಂದು ವೆಂಕಟರಾಮಪ್ಪ ಗೊಣಗಿದರು. "ಎಲ್ಲಾ ಸತ್ತೇ ಹೋಗಿರ್ತವೆ."

"ಸಾಯಲ್ಲ," ಎಂದರು ಪಾರ್ವತಮ್ಮ.

ಲೋಟ ಎತ್ತುತ್ತಿದ್ದ ಶಶಿರೇಖಾ ತಲೆ ಎತ್ತಿ ನೋಡಿದಳು. ಆಕೆ ತಟ್ಟೆ ತೆಗೆದುಕೊಂಡು ಆಗಲೇ ತಿರುಗಿದ್ದರು. ಶಶಿರೇಖಾ ಇನ್ನೊಂದು ಮಾತು ಕೇಳಬೇಕೆನ್ನುವಷ್ಟರಲ್ಲಿ ಗೇಟಿನಿಂದ ಕಾನ್‌ಸ್ಟೇಬಲ್ ವನಿತಾ ಓಡಿಬಂದಳು. ವೆಂಕಟರಾಮಪ್ಪನವರ ತಮ್ಮನ ಮಗ ಮುನಿಕೃಷ್ಣ ಏಳೆಂಟು ಜನ ಕಟ್ಟಿಕೊಂಡು, ಪೆಟ್ರೋಲ್ ಕ್ಯಾನು ಹಿಡಿದು ಕೆರೆಯ ಕಡೆ ಹೋಗಿದ್ದ.

ಕೆರೆ ಏರಿಯ ಮೇಲೆ ಜೀಪು ಹೋಗುವಂತಿರಲಿಲ್ಲ. ಶಶಿರೇಖಾ ಇಳಿದು ಓಡಿದಳು. ಮುನಿಯಲ್ಲಪ್ಪನ ಕೊಟ್ಟಿಗೆಯದು ತೆಂಗಿನ ಗರಿಯ ಮಾಡು. ಅವನು ಬಾಗಿಲಿಗೆ ಅಡ್ಡ ನಿಂತಿದ್ದ, ಒಳಗೆ ಬಾತುಗಳು ಬಡಕೊಳ್ಳುತ್ತಿದ್ದವು. ಮುನಿಕೃಷ್ಣ ಕ್ಯಾನಿನ ಮುಚ್ಚಳ ತೆಗೆದು ಮಾಡಿನ ಅಂಚಿಗೆ ಸುರಿದೂ ಆಗಿತ್ತು.

"ದೊಡ್ಡಪ್ಪನ ಮರಿ ಎಲ್ಲಿಟ್ಟಿದೀಯ ಹೇಳ್ಲಾ. ಇಲ್ಲಾಂದ್ರೆ ನಿನ್ನವೂ ಸುಟ್ಟೋಗ್ತವೆ."

"ನನ್ತಾವ ಇಲ್ಲ ಕಣ್ಲಾ. ಬಂದು ನೋಡ್ಕ. ಬೆಂಕಿ ಮಾತ್ರ ಬ್ಯಾಡ."

ಮುನಿಕೃಷ್ಣನ ಇನ್ನೊಂದು ಕೈಯಲ್ಲಿ ಲೈಟರು. ಶಶಿರೇಖಾ ಕೂಗಲಿಲ್ಲ. ನಡೆದು ಹೋಗಿ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದ ಗರಿಯ ಕೆಳಗೆ, ಮುನಿಯಲ್ಲಪ್ಪನ ಪಕ್ಕದಲ್ಲಿ ನಿಂತಳು. ಎರಡು ಹನಿ ಅವಳ ಟೋಪಿಯ ಮೇಲೂ ಬಿದ್ದವು. 

"ಹಚ್ಚು," ಎಂದಳು. "ಆಮೇಲೆ ಎಲ್ಲಿಗೆ ಓಡ್ತೀಯ ಅದನ್ನೂ ಹೇಳು."

ಮುನಿಕೃಷ್ಣ ಲೈಟರಿನ ಕೈಯನ್ನು ಕೊಂಚ ಕೆಳಗಿಳಿಸಿದ. ಹಿಂದಿನಿಂದ ಬಂದ ತಿಮ್ಮರಾಜು ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ತಿರುಚಿದ. ಜೊತೆಗೆ ಬಂದವರು ಒಬ್ಬೊಬ್ಬರಾಗಿ ಏರಿಯ ಮೇಲೆ ಕರಗಿಹೋದರು. ಮುನಿಕೃಷ್ಣನ ಮೇಲೆ ಬೇರೆಯೇ ಒಂದು ಕೇಸು ಬಿತ್ತು, ಅದರ ಕತೆ ಇಲ್ಲಿ ಬೇಡ.

ಕೊಟ್ಟಿಗೆ, ಮನೆ, ಹುಲ್ಲಿನ ಬಣವೆ, ಎಲ್ಲ ಜಾಲಾಡಿದರು. ಟೋಪಿಮರಿ ಒಂದೂ ಇರಲಿಲ್ಲ. ಮುನಿಯಲ್ಲಪ್ಪ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಶಶಿರೇಖಾ ಕೇಳಿದಳು.

"ಮರಿ ಆರಿಸೋಕೆ ನಿನಗೆ ಬರುತ್ತಾ?"

"ಕಲಿಸ್ಬೇಕಲ್ಲ ಮೇಡಂ. ನಾಕು ವರ್ಸದಲ್ಲಿ ಒಂದಿನ ನನ್ನ ಆ ಕೋಣೆಗೆ ಬಿಟ್ಕೊಂಡಿಲ್ಲ. ಆರಿಸೋ ದಿನ ಬಾಗ್ಲು ಹಾಕ್ಕೊಂಡು ಗಂಡ ಹೆಂಡ್ತಿ ಇಬ್ರೇ."

"ಇಬ್ರೂ ಆರಿಸ್ತಾರಾ?"

"ಅವರು ಆರಿಸ್ತಾರೆ. ಆಯಮ್ಮ ಬಕೆಟ್ಟು ಹಿಡೀತದೆ. ಆಮೇಲೆ ಎರಡು ದಿನ ಉಣ್ಣಲ್ಲ."

ಊರು ಇನ್ನೂ ಕುದಿಯುತ್ತಿತ್ತು. ಅವನನ್ನು ಅಲ್ಲೇ ಬಿಟ್ಟರೆ ಸಂಜೆಯೊಳಗೆ ಹೆಣ. ಹಾಗಾಗಿ ಶಶಿರೇಖಾ ಅವನನ್ನು ಜೀಪಿಗೆ ಹತ್ತಿಸಿಕೊಂಡಳು. ನೋಡಿದವರು ಬೇರೆ ಏನೋ ತಿಳಿದುಕೊಂಡರು. ಮುನಿಯಲ್ಲಪ್ಪನನ್ನು ಪೊಲೀಸರು ಎತ್ತಿಹಾಕ್ಕೊಂಡು ಹೋದರು ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಮನೆಮನೆಗೂ ಮುಟ್ಟಿತು.

ತಿಮ್ಮರಾಜು ಬಸ್‌ಸ್ಟ್ಯಾಂಡಿಗೆ ಹೋಗಿ ಶಶಿರೇಖಾ ಹೇಳಿದ್ದಂತೆ ತೊರಪಲ್ಲಿ ಕಡೆಯ ಮಿನಿಬಸ್ಸಿನ ಕಂಡಕ್ಟರನನ್ನು ಹಿಡಿದ; ಪಾರ್ವತಮ್ಮನ 'ಸಾಯಲ್ಲ' ಎಂಬ ಮಾತು ಅವಳನ್ನು ಬಿಟ್ಟಿರಲಿಲ್ಲ. ನಿನ್ನೆ ಸಂಜೆ ಹೆಂಗಸೊಬ್ಬರು ಕಂಬಳಿ ಮುಚ್ಚಿದ ಎರಡು ಮಂಕರಿಗಳನ್ನು ತೊಡೆಯ ಮೇಲೊಂದು, ಕಾಲ ಬಳಿ ಒಂದು ಇಟ್ಟುಕೊಂಡು ಕೂತಿದ್ದರಂತೆ. ಒಳಗಿನಿಂದ ಚಿಂವ್ ಚಿಂವ್. ಕೇಳಿದ್ದಕ್ಕೆ ಕೋಳಿಮರಿ ಅಂದರಂತೆ. ದಾರಿಯುದ್ದಕ್ಕೂ ಕಂಬಳಿಯೊಳಗೆ ಕೈಯಿಟ್ಟು ಅವುಗಳ ಜೊತೆ ಮಾತಾಡುತ್ತಿದ್ದರಂತೆ.

ಇದನ್ನು ಅವನು ಬಂದು ಹೇಳುತ್ತಿದ್ದಾಗಲೇ ಠಾಣೆಯ ಬಾಗಿಲಲ್ಲಿ ಪಾರ್ವತಮ್ಮ ನಿಂತಿದ್ದರು. ಮಧ್ಯಾಹ್ನ ಎರಡೂವರೆ. ಒಬ್ಬರೇ ಬಂದಿದ್ದರು, ಚಪ್ಪಲಿ ಹೊರಗೆ ಬಿಟ್ಟಿದ್ದರು.

"ಮುನಿಯಲ್ಲಪ್ಪನ್ನ ಬಿಟ್ಬಿಡಿ. ತಗೊಂಡೋಳು ನಾನು."

ಶಶಿರೇಖಾ ಕುರ್ಚಿ ತೋರಿಸಿದಳು. ಆಕೆ ಕೂರಲಿಲ್ಲ.

"ನನ್ನ ಒಳಗೆ ಹಾಕಿ. ಏನು ಬರ್ಕೋಬೇಕೋ ಬರ್ಕೊಳ್ಳಿ. ಮರಿ ಎಲ್ಲಿ ಅವೆ ಅಂತ ಮಾತ್ರ ಕೇಳ್ಬ್ಯಾಡಿ."

"ತೊರಪಲ್ಲೀಲಿ. ನಿಮ್ಮ ಅಕ್ಕನ ಮನೇಲಿ."

ಆಗ ಪಾರ್ವತಮ್ಮ ಕೂತರು. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ವನಿತಾ ನೀರು ಕೊಟ್ಟಳು. ಮುಟ್ಟಲಿಲ್ಲ.

"ಅವರಿಗೆ ಹೇಳ್ತೀರಾ?"

"ಹೇಳ್ಲೇಬೇಕು. ಯಾಕೆ ಹಿಂಗೆ ಮಾಡಿದ್ರಿ?"

ಪಾರ್ವತಮ್ಮ ಹೇಳತೊಡಗಿದರು. "ಆನೆ ಕಂಬ ಬೀಳಿಸಿದ ದಿನ ಕರೆಂಟು ಹೋಯ್ತು. ಎರಡು ದಿನ ಬರ್ಲಿಲ್ಲ. ಮೊಟ್ಟೆ ಪೆಟ್ಟಿಗೆ ತಣ್ಣಗಾಗೋಯ್ತು. ಹೋದ್ವು ಬಿಡು, ತಿಪ್ಪೆಗೆ ಹಾಕು ಅಂದ್ರು ಅವರು. ನನಗೆ ಮನಸ್ಸು ಬರ್ಲಿಲ್ಲ. ಬಾಟ್ಲಿಗೆ ಬಿಸಿನೀರು ತುಂಬಿ, ಕಂಬಳಿ ಹಾಸಿ, ಮೊಟ್ಟೆನೆಲ್ಲಾ ನನ್ನ ಹಾಸಿಗೇಲೇ ಇಟ್ಕೊಂಡೆ. ಹೊಟ್ಟೆಗೆ ಅವುಚ್ಕೊಂಡು ಮಲಗಿದ್ದೆ ಮೇಡಂ, ಎರಡು ರಾತ್ರಿ. ಒಳಗೆ ಟಕ್ ಟಕ್ ಅನ್ನೋದು ನನ್ನ ಹೊಟ್ಟೆಗೆ ಗೊತ್ತಾಗ್ತಿತ್ತು. ನೆನ್ನೆ ಒಡೆದು ಹೊರಗೆ ಬಂದು ಎಲ್ಲಾ ನನ್ನೇ ನೋಡಿದ್ವು."

ಮತ್ತೆ ಹೇಳಿದರು, "ಹನ್ನೆರಡು ವರ್ಸದಿಂದ ಬೆರಳು ಅವರ್ದು, ಕೈ ನಂದು. ಅವರು ತೋರಿಸ್ತಾರೆ, ಮುಖ ತಿರುಗಿಸ್ಕೊಂಡು ಹೋಗ್ತಾರೆ. ನೀರಲ್ಲಿ ಅದುಮಿ ಹಿಡಿಯೋಳು ನಾನು. ನೆನ್ನೆ ಬಕೆಟ್ಟು ತೊಳ್ಯಕ್ಕೆ ಹೋದೆ. ಆಗ್ಲಿಲ್ಲ. ನಾನೇ ಕೂತು ಆರಿಸ್ದೆ. ಚೆನ್ನಾಗಿರೋದು ಅವರಿಗೆ ಇರ್ಲಿ, ಅವರ ಹನ್ನೆರಡು ವರ್ಸ ಯಾಕೆ ಹಾಳು ಮಾಡ್ಲಿ. ಉಳಿದದ್ದು ತಗೊಂಡೋದೆ. ಕಳ್ಳತನ ಅಂತಾರೋ ಏನಂತಾರೋ ಗೊತ್ತಿಲ್ಲ."

ತಿಮ್ಮರಾಜು ಬರೆಯುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದ. ಬೆಳಗ್ಗೆ ಬಂದಿದ್ದ ನಗು ಅವನಿಗೀಗ ಎಲ್ಲೂ ಸಿಗುವಂತಿರಲಿಲ್ಲ.

ತೊರಪಲ್ಲಿಯಲ್ಲಿ ಪಾರ್ವತಮ್ಮನ ಅಕ್ಕ ರಾಮಕ್ಕನ ಅಡುಗೆಮನೆ. ಒಲೆಯ ಪಕ್ಕದ ಮೂಲೆಗೆ ಹಲಗೆ ಅಡ್ಡವಿಟ್ಟು, ಕಂಬಳಿ ಹಾಸಿ, ನಡುವೆ ಬಿಸಿನೀರಿನ ಬಾಟಲಿಗಳು. ಮೂವತ್ತೊಂದು ಮರಿಗಳೂ ಜೀವಂತವಾಗಿದ್ದವು. ಒಂದರ ಟೋಪಿ ಕಣ್ಣಿನ ಮೇಲೆ ಜಾರಿತ್ತು, ಒಂದಕ್ಕೆ ಅರ್ಧ ಟೋಪಿ, ಇನ್ನೊಂದಕ್ಕೆ ಟೋಪಿಯೇ ಇಲ್ಲ. ಶಶಿರೇಖಾ ಬಗ್ಗಿ ನೋಡಿದರೆ ಅವು ಚೆದುರಿ ಮೂಲೆ ಸೇರಿದವು. ಹಿಂದಿನಿಂದ ಪಾರ್ವತಮ್ಮ "ಬಂದೆ ಕಣ್ರವ್ವಾ" ಅಂದದ್ದೇ ತಡ, ಎಲ್ಲವೂ ಒಟ್ಟಿಗೆ ಹಲಗೆಗೆ ಬಂದು ಮುಗಿಬಿದ್ದವು. ಬೇರೆ ಗುರುತು ಹಿಡಿಸುವ ಅಗತ್ಯ ಬೀಳಲಿಲ್ಲ. ಪಂಚನಾಮೆಯಲ್ಲಿ ಅದನ್ನೂ ಬರೆದರು.

ಮರಿ ಗುರುತಿಸಲು ಬನ್ನಿ ಎಂದು ಠಾಣೆಯಿಂದ ಆಗಲೇ ಫೋನ್ ಹೋಗಿತ್ತು. ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ವೆಂಕಟರಾಮಪ್ಪ. ಒಳಗೆ ಬಂದು ಹೆಂಡತಿಯನ್ನು ನೋಡಿದರು, ಮರಿಗಳನ್ನು ನೋಡಿದರು. ಅವರಿಗೆ ಅರ್ಥವಾಗಲು ತುಸು ಹೊತ್ತೇ ಹಿಡಿಯಿತು.

"ನೀನಾ," ಎಂದರು. ಆಮೇಲೆ ಶಶಿರೇಖಾ ಕಡೆ ತಿರುಗಿದರು. "ಮನೆ ವಿಷ್ಯ ಆಯ್ತಲ್ಲ ಮೇಡಂ. ಕಂಪ್ಲೇಂಟು ವಾಪಸ್ ತಗೋತೀನಿ. ಮರಿ ಕೊಟ್ಬಿಡಿ. ಇವತ್ತೇ ಆರಿಸಿ ಮುಗಿಸ್ತೀನಿ."

ಪಾರ್ವತಮ್ಮ ಎದ್ದು ನಿಂತರು. ಗಂಡನ ಕಡೆ ನೋಡದೆ, ಎರಡೂ ಕೈ ಮುಂದೆ ಚಾಚಿ ಹೇಳಿದರು. "ವಾಪಸ್ ಬ್ಯಾಡ. ನನ್ನ ಅರೆಸ್ಟ್ ಮಾಡಿ ಮೇಡಂ. ಕೇಸು ಇರೋಗಂಟ ಮರಿ ಸರ್ಕಾರದ್ದು ಅಂತ ಆಗ್ಲೇ ಇವ್ರು ಹೇಳಿದ್ರು." ಇವರು ಅಂದದ್ದು ತಿಮ್ಮರಾಜುವನ್ನು. ದಾರಿಯಲ್ಲಿ ಜೀಪಿನಲ್ಲಿ ಅವನು ಆಕೆಗೆ ಅದೇನು ಪಾಠ ಮಾಡಿದ್ದನೋ. ಈಗ ಸೂರು ನೋಡುತ್ತಿದ್ದ.

ಶಶಿರೇಖಾ ಯೋಚಿಸಿದಳು. ಗಂಡಹೆಂಡಿರ ನಡುವಿನ ತಪ್ಪು ತಿಳುವಳಿಕೆ ಎಂದು ನಾಲ್ಕು ಸಾಲು ಗೀಚಿ ಕಡತ ಮುಚ್ಚಬಹುದಿತ್ತು. ಮೇಲಿನವರು ಬೆನ್ನು ತಟ್ಟುತ್ತಿದ್ದರು, ಆಕೆಯ ಹೆಸರಿಗೂ ಮಸಿ ಹತ್ತುತ್ತಿರಲಿಲ್ಲ. ಸಂಜೆಯೊಳಗೆ ಬಕೆಟ್ಟು ತುಂಬುತ್ತಿತ್ತು. ಬಂಧಿಸಿದರೆ ಐವತ್ತೈದರ ಈ ಹೆಂಗಸು ಕೋರ್ಟು ಮೆಟ್ಟಿಲು ಹತ್ತಬೇಕು, ಊರು ಕಳ್ಳಿ ಎನ್ನುತ್ತದೆ. ಇಂಥ ಕಡೆ ಯಾವುದು ಕರುಣೆ ಎಂದು ಪೊಲೀಸ್ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. 

"ಪಾರ್ವತಮ್ಮ, ಆಮೇಲೆ ಹಿಂದಕ್ಕೆ ಬರಕ್ಕಾಗಲ್ಲ. ಕಳ್ಳತನದ ಕೇಸು."

"ಗೊತ್ತೈತೆ."

"ಊರಲ್ಲಿ ಏನಂತಾರೆ ಅದೂ ಗೊತ್ತಾ?"

"ಅವರೇನು ಬಕೆಟ್ಟು ಹಿಡಿದೋರಾ."

ಶಶಿರೇಖಾ ವೆಂಕಟರಾಮಪ್ಪನವರ ಕಡೆ ತಿರುಗಿದಳು. "ಬೆಳಗ್ಗೇನೇ ಹೇಳಿದ್ದೆ. ನೀವು ಬೇಡ ಅಂದ್ರೂ ನಿಲ್ಲಲ್ಲ ಅಂತ."

ಸಂಜೆ ಐದೂ ಹತ್ತಕ್ಕೆ, ಹೊತ್ತು ಮುಳುಗುವ ಮುಂಚೆ, ರಾಮಕ್ಕನ ಜಗಲಿಯ ಮೇಲೆ ಬಂಧನದ ಕಾಗದಕ್ಕೆ ಪಾರ್ವತಮ್ಮ ರುಜು ಹಾಕಿದರು. ಅಕ್ಷರ ಗುಂಡಗೆ, ಒಂದು ಚೂರೂ ಅಲುಗದೆ ಬಂತು. ಮಾರನೇ ದಿನ ಬೆಳಗ್ಗೆಯೇ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಮರಿಗಳು ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷ್ಯವಸ್ತು. ಅವನ್ನು ವಿಚಾರಣೆ ಮುಗಿಯುವವರೆಗೆ ಮಾಲೀಕರ ವಶಕ್ಕೆ ಕೊಡಬಹುದು, ಆದರೆ ಮಾರುವ ಹಾಗಿಲ್ಲ, ಕೊಲ್ಲುವ ಹಾಗಿಲ್ಲ, ಕರೆದ ವಾಯಿದೆಗೆ ಮೂವತ್ತೊಂದನ್ನೂ ಜೀವಸಹಿತ ಹಾಜರುಪಡಿಸಬೇಕು ಎಂದು ಶಶಿರೇಖಾ ಅರ್ಜಿ ಹಾಕಿದ್ದಳು. ವೆಂಕಟರಾಮಪ್ಪ, ಟೋಪಿ ಕೆಟ್ಟವಕ್ಕೆ ಬೆಲೆಯೇ ಇಲ್ಲ ಸ್ವಾಮಿ ಎಂದು ಕೈಮುಗಿದರು. ಮ್ಯಾಜಿಸ್ಟ್ರೇಟರು ದೂರಿನ ಮೇಲೆ ಕಣ್ಣಾಡಿಸಿದರು. ಬೆಲೆ ಕಟ್ಟಲಾಗದ್ದು, ಒಂದೊಂದೂ ನನ್ನ ಪ್ರಾಣ. ಕೆಳಗೆ ರುಜು. ಅರ್ಜಿ ಮಂಜೂರಾಯಿತು.

ದೋಷಾರೋಪ ಪಟ್ಟಿ ತಯಾರಾಗುವಾಗ ತಿಮ್ಮರಾಜು ಅಭ್ಯಾಸಬಲದಿಂದ 'ಹಣದಾಸೆಯಿಂದ' ಎಂದು ಟೈಪು ಮಾಡಿದ್ದ. ಎಲ್ಲ ಕಳವಿಗೂ ಅದೇ ಸಾಲು. ಶಶಿರೇಖಾ ಅದನ್ನು ಹೊಡೆದುಹಾಕಿದಳು.

"ಮತ್ತೇನು ಬರೀಲಿ ಮೇಡಂ?"

"ಕೈ ಏಳಲಿಲ್ಲ ಅಂತ ಬರಿ."

ಮೊದಲ ವಾಯಿದೆ ಏಪ್ರಿಲ್‌ನಲ್ಲಿ ಬಂತು. ಹೊಸೂರಿನ ಕೋರ್ಟಿನ ಅಂಗಳದಲ್ಲಿ, ಹೊಂಗೆಮರದ ನೆರಳಿಗೆ ವೆಂಕಟರಾಮಪ್ಪ ಟೆಂಪೋ ನಿಲ್ಲಿಸಿದ್ದರು. ಗಂಡ ಹೆಂಡತಿ ಇನ್ನೂ ಒಂದೇ ಮನೆಯಲ್ಲಿದ್ದರು, ಮಾತು ಮಾತ್ರ ಕಡಿಮೆ ಎಂದು ವನಿತಾ ವಿಚಾರಿಸಿಕೊಂಡು ಬಂದಿದ್ದಳು. ಟೆಂಪೋದಲ್ಲಿ ಮೂವತ್ತೊಂದು ಬಾತು, ದೊಡ್ಡವಾಗಿದ್ದವು. ಬಿಸಿಲಿಗೆ ಬಾಯಿ ಬಿಡುತ್ತಿದ್ದವು. ವೆಂಕಟರಾಮಪ್ಪ ನಲ್ಲಿಗೆ ಹೋಗಿ ನೀಲಿ ಬಕೆಟ್ಟಿನಲ್ಲಿ ನೀರು ತುಂಬಿ ತಂದು ಅವುಗಳ ಮುಂದೆ ಇಟ್ಟರು. ಎಲ್ಲವೂ ಕತ್ತು ಹಾಕಿ ಕುಡಿಯತೊಡಗಿದವು. ಅವರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಟೋಪಿ ಕಣ್ಣಿಗೆ ಜಾರಿದ್ದ ಒಂದರ ಕತ್ತಿನ ಮೇಲೆ ನೀರು ಚಿಮುಕಿಸಿದರು. ದೂರದಲ್ಲಿ ನಿಂತಿದ್ದ ಶಶಿರೇಖಾ ಅದನ್ನು ನೋಡಿದಳು, ಹತ್ತಿರ ಹೋಗಲಿಲ್ಲ.

ಒಳಗೆ ಜವಾನ ಹೆಸರು ಕೂಗಿದ. ಪಾರ್ವತಮ್ಮ ಕಟಕಟೆಯಿಂದ "ಇದೀನಿ ಸ್ವಾಮಿ" ಎಂದರು. ದನಿ ಕಿಟಕಿ ದಾಟಿ ಅಂಗಳಕ್ಕೆ ಬಂತು. ಬಕೆಟ್ಟಿನಿಂದ ಮೂವತ್ತೊಂದು ತಲೆಗಳೂ ಮೇಲಕ್ಕೆ ಎದ್ದು ಒಟ್ಟಿಗೆ ಕೂಗಿಕೊಂಡವು. ಕೋರ್ಟಿನ ಕೆಲಸ ಐದು ನಿಮಿಷ ನಿಂತಿತು. ಆಮೇಲೆ ಮ್ಯಾಜಿಸ್ಟ್ರೇಟರು ಮುದ್ದೆಮಾಲು ಹಾಜರಿದೆ ಎಂದು ಬರೆಸಿ, ಕೇಸನ್ನು ಜುಲೈಗೆ ಮುಂದೂಡಿದರು.